ಪೌ ಅಂದರೆ ಆಯ್ತು

ಮಾಪುವಾನಾ ಅಗ್ಬಯಾನಿಗೆ ನಮ್ಮೂರ ಆಸ್ಪತ್ರೆಯಲ್ಲಿ ಆಮೆ ಅಂತಲೇ ಹೆಸರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಔಷಧದ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದುವವಳನ್ನು ಇನ್ನೇನಂತ ಕರೆಯುತ್ತಾರೆ?

ಫಾರ್ಮಸಿ ಓದು ಮುಗಿಸಿದವರು ನಮ್ಮ ದ್ವೀಪದ ಹಿಲೋ ಪೇಟೆಯ ಯಾವುದಾದರೂ ಅಂಗಡಿಯಲ್ಲಿ ಹೋಗಿ ನಿಂತರೆ ಕೈತುಂಬ ಸಂಬಳ. ಇವಳು ಅದನ್ನು ಬಿಟ್ಟು ಇನ್ನೊಂದು ವರ್ಷದ ರೆಸಿಡೆನ್ಸಿಗೆ ಸೇರಿದಳು. ಅಂದರೆ ಅರ್ಧ ಸಂಬಳಕ್ಕೆ ಎರಡರಷ್ಟು ದುಡಿತ, ರೋಗಿಯ ಮಂಚದ ಪಕ್ಕದಲ್ಲೇ ನಿಂತು ಕಲಿಯುವುದು. ಈ ರೆಸಿಡೆನ್ಸಿಯನ್ನು ಆಡಳಿತದವರು ದಯೆ ತೋರಿಸಿ ಕೊಟ್ಟದ್ದೇನೂ ಅಲ್ಲ. ನರ್ಸುಗಳು, ಅಡುಗೆಯವರು, ಮುಚ್ಚಿಹೋದ ಸಕ್ಕರೆ ಮಿಲ್ಲಿನ ಮುದಿ ಯೂನಿಯನ್ನಿನವರು ಎಲ್ಲ ಸೇರಿ ಹೆದ್ದಾರಿಯ ಬದಿಗೆ ಬೋರ್ಡು ಹಿಡಿದು ನಿಂತೆವು. ತುರ್ತು ವಿಭಾಗದಲ್ಲಿ ಔಷಧ ಬಲ್ಲವರೊಬ್ಬರು ಇರಲೇಬೇಕು ಅಂತ ಗಂಟಲು ಹರಿಯುವಂತೆ ಕೂಗಿದ ಮೇಲೆ ಬಂದದ್ದು. ಮಾಪುವಿನ ಅಜ್ಜ ಅದೇ ಮಿಲ್ಲಿನ ಬಾಯ್ಲರಿನ ಮುಂದೆ ಬೆಂದವನು. ಹಾಗಾಗಿ ಆ ಕುರ್ಚಿಯಲ್ಲಿ ಅವಳು ಕೂತದ್ದು ನಮಗೆಲ್ಲ ನಮ್ಮದೇ ಗೆಲುವಿನಂತೆ ಇತ್ತು. ಅವಳಿಗೆ ಅದು ಹೆಗಲ ಮೇಲಿನ ಕಲ್ಲು ಅನ್ನುವುದನ್ನು ಯಾರೂ ಯೋಚಿಸಲಿಲ್ಲ.

ತುರ್ತು ವಿಭಾಗದ ಡಾಕ್ಟರು ವೆಕ್ಸ್ಲರ್, ಸಮುದ್ರ ದಾಟಿ ಮೇನ್‌ಲ್ಯಾಂಡಿನಿಂದ ಬಂದವರು. ಕೆಟ್ಟವರಲ್ಲ, ತಾಳ್ಮೆ ಇಲ್ಲದವರು. "ಹುಡುಗಿ ಒಳ್ಳೆಯವಳು, ಆದರೆ ಇವಳು ಯೋಚನೆ ಮುಗಿಸೋದ್ರೊಳಗೆ ರೋಗಿ ಸತ್ತಿರ್ತಾನೆ" ಅಂತ ಮೇಲಿನವರಿಗೆ ದೂರು ಕೊಟ್ಟಿದ್ದರು. ಮಾಪುವಿಗೆ ಕಲಿಸುತ್ತಿದ್ದ ಹಿರಿಯ ಫಾರ್ಮಸಿಸ್ಟು ಗ್ಲೆನ್ ತಕಯೇಸು ಅವಳನ್ನು ಕರೆದು ಬಾಗಿಲು ಹಾಕಿಕೊಂಡ.

"ಇನ್ನೊಂದು ದೂರು ಬಂದ್ರೆ ನಿನ್ನ ವರ್ಷ ಇಲ್ಲಿಗೇ ಮುಗೀತು ಮಾಪು. ಈ ರೆಸಿಡೆನ್ಸೀನೇ ತೆಗೆದುಹಾಕೋಕೂ ಅವರಿಗೆ ನೆಪ ಸಿಗುತ್ತೆ. ಸ್ವಲ್ಪ ಚುರುಕಾಗು."

"ಆಗ್ತೀನಿ ಅಂಕಲ್" ಅಂದಳು.

ಆದಳು. ಎಡವಟ್ಟಾದದ್ದೇ ಅಲ್ಲಿ.

ಅಂಕಲ್ ಹಾನಾಲೆಯನ್ನು ಕರೆತಂದದ್ದು ಒಂದು ಬೆಳಿಗ್ಗೆ. ಹಂದಿ ಬೇಟೆಯ ಆಳು, ಬೆಟ್ಟದಷ್ಟು ಮೈ. ಬಲಗೈ ಸತ್ತ ಮೀನಿನಂತೆ ಜೋತುಬಿದ್ದಿತ್ತು, ಬಾಯಿ ಓರೆಯಾಗಿತ್ತು, ಮಾತು ನಿಂತಿತ್ತು. ಹೆಂಡತಿ ಆಂಟಿ ಹೌನಾನಿ ಅಷ್ಟು ಗಾಬರಿಯಲ್ಲೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಓಡಿಬಂದಳು. ತಲೆಯ ಸ್ಕ್ಯಾನು ಆಯಿತು. ರಕ್ತ ಸೋರಿಲ್ಲ, ಹೆಪ್ಪುಗಟ್ಟಿ ನಾಳ ಮುಚ್ಚಿದೆ. ಹೆಪ್ಪು ಕರಗಿಸುವ ಸೂಜಿಮದ್ದು ಇದೆ. ಬೇಗ ಕೊಟ್ಟರೆ ಕೈಯೂ ಮಾತೂ ವಾಪಸು ಬರಬಹುದು. ಆದರೆ ರೋಗಿ ಎರಡು ದಿನದೊಳಗೆ ರಕ್ತ ತೆಳು ಮಾಡುವ ಮಾತ್ರೆ ನುಂಗಿದ್ದರೆ ಅದೇ ಮದ್ದು ಮಿದುಳಿನೊಳಗೆ ರಕ್ತ ಹರಿಸಿ ಕೊಲ್ಲಬಹುದು. ಹೊಸ ಬಗೆಯ ಆ ಮಾತ್ರೆ ನಮ್ಮ ಲ್ಯಾಬಿನ ಪರೀಕ್ಷೆಗೆ ಸಿಕ್ಕುವಂಥದ್ದಲ್ಲ. ಮನೆಯವರ ಬಾಯಿಮಾತೇ ಪುರಾವೆ.

ಅಂಕಲ್ಲಿನ ಎದೆಬಡಿತ ಸರಿಯಿಲ್ಲದೆ ಅಂಥ ಮಾತ್ರೆ ಬರೆದುಕೊಟ್ಟದ್ದು ಆಸ್ಪತ್ರೆಯ ಕಂಪ್ಯೂಟರಿನಲ್ಲಿತ್ತು. ಮಾಪು ಆಂಟಿಯ ಕೈ ಹಿಡಿದು ಕೇಳಿದಳು.

"ಆಂಟಿ, ರಕ್ತ ತೆಳು ಮಾಡೋ ಮಾತ್ರೆ, ದಿನಕ್ಕೆರಡು. ಅದು?"

"ಅದಾ? ಅದು ಪೌ, ಮಗಾ."

ನಮ್ಮಲ್ಲಿ ಎಲ್ಲದಕ್ಕೂ ಪೌ. ಪೌ ಅಂದರೆ ಆಯ್ತು. ಕೆಲಸ ಪೌ, ಬಿಯರ್ ಪೌ, ಮಿಲ್ಲು ಮುಚ್ಚಿದ ದಿನ ಗೇಟಿನ ಮುಂದೆ ನಿಂತು ನಾವು ಅಂದದ್ದೂ ಪೌ. ಮೇನ್‌ಲ್ಯಾಂಡಿನವಳಾಗಿದ್ದರೆ "ಹಾಗಂದ್ರೇನು?" ಅಂತ ಕೇಳುತ್ತಿದ್ದಳು. ಮಾಪು ಈ ಮಣ್ಣಿನವಳು, ಕೇಳಲಿಲ್ಲ. ಫಾರ್ಮಸಿ ಅಂಗಡಿಗೆ ಫೋನು ಮಾಡಿದಳು. ಅಂಕಲ್ ಎರಡು ತಿಂಗಳಿಂದ ಆ ಮಾತ್ರೆ ಕೊಂಡಿಲ್ಲ ಅಂದರು. ಎರಡೂ ತಾಳೆಯಾಯಿತು.

"ಮಾತ್ರೆ ಮುಗಿದು ಬಿಟ್ಟುಬಿಟ್ಟಿದಾರೆ ಡಾಕ್ಟರ್" ಅಂದಳು, ತಡವರಿಸದೆ.

"ಭೇಷ್. ಇವತ್ತು ಆಮೆಗೆ ಕಾಲು ಬಂದಿದೆ" ಅಂದರು ವೆಕ್ಸ್ಲರ್. "ಮದ್ದು ಕಲಸು."

ಕಲಸಿದಳು. ಆ ಪುಡಿಯನ್ನು ಕುಲುಕಬಾರದು, ನೊರೆ ಎದ್ದರೆ ಕೆಡುತ್ತದೆ. ಶೀಶೆಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ತೂಕಕ್ಕೆ ತಕ್ಕಷ್ಟನ್ನು ಸಿರಿಂಜಿಗೆ ಎಳೆದಳು. ಗ್ಲೆನ್ ಕೈ ಕಟ್ಟಿ ಪಕ್ಕದಲ್ಲಿ ನಿಂತಿದ್ದ. ರೆಸಿಡೆಂಟು ಮಾಡುವಾಗ ಅವನು ಮುಟ್ಟುವುದಿಲ್ಲ. ಕೊಡುವ ಮುಂಚೆ ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ಅದು ಅವನ ಪದ್ಧತಿ.

"ಹೆಸರು?" ಹೇಳಿದಳು. "ತೂಕ?" ಹೇಳಿದಳು. "ಎಷ್ಟು ಮದ್ದು?" ಹೇಳಿದಳು.

"ತೆಳು ಮಾಡೋ ಮಾತ್ರೆ ಕೊನೇ ಸಲ ನುಂಗಿದ್ದು ಯಾವಾಗ?"

"ಬಿಟ್ಟುಬಿಟ್ಟಿದಾರೆ."

"ಬಿಟ್ಟಿದ್ದು ಯಾವಾಗ ಅಂತ ಕೇಳ್ದೆ."

ಅದನ್ನು ಮಾಪು ಕೇಳಿರಲೇ ಇಲ್ಲ.

"ಗ್ಲೆನ್, ಸಾಕು ಮಾಡ್ರಿ ನಿಮ್ಮ ಪಾಠಾನ" ಅಂದರು ವೆಕ್ಸ್ಲರ್. "ಅಲ್ಲಿ ಮಿದುಳು ಸಾಯ್ತಾ ಇದೆ." ನರ್ಸು ಸಿರಿಂಜಿಗೆ ಕೈ ಚಾಚಿದಳು. ಆಂಟಿ ಹೌನಾನಿ ಗೋಡೆಗೆ ಒರಗಿ, ಕೇಳುವವರಿಲ್ಲದಿದ್ದರೂ ತನ್ನಷ್ಟಕ್ಕೇ ಹಲುಬುತ್ತಿದ್ದಳು. "ಬೆಳಿಗ್ಗೆ ಎಲ್ಲಾ ಸರಿಯಾಗೇ ಇತ್ತಲ್ಲಪ್ಪಾ. ನಾಯಿಗೆ ಅನ್ನ ಹಾಕಿದ್ದು ಪೌ. ಅವ್ರು ಮೊಟ್ಟೆ ಅನ್ನ ತಿಂದಿದ್ದು ಪೌ. ಮಾತ್ರೆ ಪೌ. ಬೂಟು ಹಾಕೋಕೆ ಬಗ್ಗಿದ್ರು ನೋಡು, ಹಂಗೇ ಬಿದ್ರು."

ಮಾಪು ಸಿರಿಂಜನ್ನು ಎದೆಗೆ ಒತ್ತಿಕೊಂಡಳು.

"ಕೊಡೇ" ಅಂದಳು ನರ್ಸು.

"ಕೊಡಲ್ಲ."

"ಏನಂದೆ?" ವೆಕ್ಸ್ಲರ್ ಮುಖ ಕೆಂಪಾಯಿತು. ಮಾಪು ಅತ್ತ ನೋಡಲಿಲ್ಲ.

"ಆಂಟಿ! ಮಾತ್ರೆ ಪೌ ಅಂದ್ರಲ್ಲ, ಖಾಲಿಯಾಗಿ ಪೌನಾ, ನುಂಗಿ ಪೌನಾ?"

"ನುಂಗಿ! ನಾನೇ ಬಾಯಿಗೆ ಹಾಕ್ದೆ, ಮೊಟ್ಟೆ ತಿಂದ ಮೇಲೆ."

"ಇವತ್ತಾ?"

"ದಿನಾ ಕಣೇ!"

"ಮತ್ತೆ ಎರಡು ತಿಂಗಳಿಂದ ಕೊಂಡೇ ಇಲ್ವಂತೆ?"

"ಯಾಕ್ ಕೊಳ್ಬೇಕು? ಇವ್ರ ತಮ್ಮ ಸತ್ತ. ಅವಂದೂ ಅದೇ ಮಾತ್ರೆ, ಮನೇಲಿ ಬಾಟ್ಲಿಗಟ್ಲೆ ಇತ್ತು. ಬಿಸಾಕ್ಲಾ ಅದನ್ನ?"

ಮಂಚದ ಮೇಲೆ ಅಂಕಲ್ಲಿನ ಎಡಗೈ ಕಂಬಿಯನ್ನು ಹಿಡಿಯುತ್ತ ಬಿಡುತ್ತ ಇತ್ತು. ನಮ್ಮೂರಲ್ಲಿ ಸತ್ತವರ ಮಾತ್ರೆಯನ್ನು ಯಾರೂ ಬಿಸಾಡುವುದಿಲ್ಲ, ಮಾಪುವಿನ ಮನೆಯಲ್ಲೂ ಬಿಸಾಡುವುದಿಲ್ಲ. ಇದೂ ಅವಳಿಗೆ ಹೊಳೆಯಬೇಕಿತ್ತು.

"ತಪ್ಪು ನಂದು" ಅಂದಳು. "ನಾನು ಹೇಳಿದ್ದು ಸುಳ್ಳು ಡಾಕ್ಟರ್. ಇವತ್ತು ಬೆಳಿಗ್ಗೆ ನುಂಗಿದಾರೆ. ಈ ಮದ್ದು ಕೊಡಬಾರದು."

"ಎರಡು ನಿಮಿಷದ ಹಿಂದೆ ಇದೇ ಬಾಯಲ್ಲಿ ಇಲ್ಲ ಅಂದ್ಯಲ್ಲ?"

"ಅಂದೆ."

"ಈಗ ಯಾವುದನ್ನ ನಂಬಲಿ?"

"ಆಂಟೀನ ನಂಬಿ. ನನ್ನ ಮೇಲಿನ ದೂರು ಆಮೇಲೆ ಬರೀರಿ, ಮೊದಲು ಹೊನೊಲುಲುಗೆ ಫೋನ್ ಮಾಡಿ. ನಾಳದೊಳಗೆ ತಂತಿ ಹಾಕಿ ಹೆಪ್ಪು ಎಳೆಯೋರು ಅಲ್ಲಿನ ದೊಡ್ಡಾಸ್ಪತ್ರೇಲಿದಾರೆ. ಅದಕ್ಕೆ ಈ ಮಾತ್ರೆ ಅಡ್ಡಿ ಇಲ್ಲ."

ವೆಕ್ಸ್ಲರ್ ಗ್ಲೆನ್ ಕಡೆ ನೋಡಿದರು. ಗ್ಲೆನ್ ಕಟ್ಟಿದ ಕೈ ಬಿಡಲಿಲ್ಲ. "ಅವಳು ಹೇಳಿದ್ದೇ ಸರಿ" ಅಂದ. ವೆಕ್ಸ್ಲರ್ ಒಂದು ಕೊಳಕು ಬೈಗುಳ ಬೈದು ಫೋನು ಎತ್ತಿಕೊಂಡರು.

ಹೊನೊಲುಲುವಿಗೆ ಒಯ್ಯುವ ವಿಮಾನ ಬರುವವರೆಗೆ ಮಾಪು ಮಂಚ ಬಿಟ್ಟು ಕದಲಲಿಲ್ಲ. ಹೊತ್ತು ಹೋದ ಹಾಗೆ ಅಂಕಲ್ಲಿನ ಕಾಲೂ ಸೋಲುತ್ತಿತ್ತು. ಕಲಸಿದ ಮದ್ದು ತಟ್ಟೆಯಲ್ಲಿ ಹಾಗೇ ಇತ್ತು. ಆಂಟಿ ಅದನ್ನು ನೋಡುತ್ತ, "ಅದನ್ನ ಕೊಟ್ಟಿದ್ರೆ ಎದ್ದು ಕೂರ್ತಿದ್ರೇನೋ?" ಅಂದಳು.

"ಕೂರ್ತಿದ್ರೋ, ಸಾಯ್ತಿದ್ರೋ ಆಂಟಿ. ನಂಗೊತ್ತಿಲ್ಲ" ಅಂದಳು ಮಾಪು. ಸುಳ್ಳು ಸಮಾಧಾನ ಹೇಳುವ ಚಾಳಿ ಅವಳಿಗೆ ಇರಲಿಲ್ಲ.

ಹೊನೊಲುಲುವಿನಲ್ಲಿ ಹೆಪ್ಪು ಎಳೆದು ತೆಗೆದರು. ವೆಕ್ಸ್ಲರ್ ದೂರನ್ನೂ ಬರೆದರು, ಈ ಸಲ ನಿಧಾನದ್ದಲ್ಲ, ತಪ್ಪು ಮಾಹಿತಿ ಕೊಟ್ಟದ್ದರ ಬಗ್ಗೆ. ಬರೆಯಬೇಕಾದದ್ದೇ. ಆದರೆ ಸಿರಿಂಜು ತಡೆದವಳೂ ಅವಳೇ ಅಂತ ಕೆಳಗೆ ಸೇರಿಸಿದ್ದರು. ಮೇಲಿನವರು ಎರಡನ್ನೂ ಓದಿ, ಎಚ್ಚರಿಕೆ ಕೊಟ್ಟು, ವರ್ಷ ಮುಗಿಸಲು ಬಿಟ್ಟರು. ಆಮೆ ಅನ್ನುವ ಹೆಸರು ಹೋಗಲಿಲ್ಲ. ಅವಳು ಮತ್ತೆ ಮೊದಲಿನಷ್ಟೇ ನಿಧಾನ, ಈಗ ಯಾರು ಬೈದರೂ ಕ್ಯಾರೇ ಅನ್ನುವುದಿಲ್ಲ. ವೆಕ್ಸ್ಲರ್ ಕೂಡ ಮಾತ್ರೆ ವಿಷಯ ಬಂದರೆ, ತಮ್ಮ ಒರಟು ಉಚ್ಚಾರದಲ್ಲಿ, "ಯಾವ ಪೌ?" ಅಂತ ಕೇಳುತ್ತಾರೆ.

ಅಂಕಲ್ ಹಾನಾಲೆ ಮನೆಗೆ ಬಂದ. ಮಾತು ಅರ್ಧ ಬಂತು, ಕಾಲು ಬಂತು, ಬಲಗೈ ಬರಲಿಲ್ಲ. ಹಂದಿ ಬೇಟೆ ನಿಂತಿತು. ಮೊನ್ನೆ ತಪಾಸಣೆಗೆ ಬಂದಾಗ ಮಾಪು ಅವನ ಮುಂದೆ ಕೂತು ಕೇಳಿದಳು.

"ಅಂಕಲ್, ಇವತ್ತಿನ ಮಾತ್ರೆ?"

ಅವನು ಎಡಗೈಯಿಂದ ತುಟಿ ಒರೆಸಿಕೊಂಡು, ಕಷ್ಟಪಟ್ಟು, "ಪೌ" ಅಂದ. ಮಾಪು ಪೆನ್ನು ಎತ್ತಲಿಲ್ಲ, ಆಂಟಿಯ ಕಡೆ ತಿರುಗಿದಳು.

"ಹಂಗೇನ್ ನೋಡ್ತೀಯೇ?" ಅಂತ ಗದರಿದಳು ಆಂಟಿ. "ನುಂಗಿದ್ದು ಪೌ. ತಮ್ಮನ ಬಾಟ್ಲೀನೂ ಪೌ. ಹೊಸದು ಬರ್ಕೊಡು."