ಹೆಸರು ಹಿಡಿದು ಕರೆಯುವ ಪಾಠ

ಚಿಕ್ಕೋಡಿಯ ನರ್ಸಿಂಗ್ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದೆ. ಅದೇ ಆವರಣದ ಫಾರ್ಮಸಿ ಕಾಲೇಜಿನಲ್ಲಿ ನನ್ನ ಗಂಡ. ನಡುವೆ ಇದ್ದದ್ದು ಒಂದು ಬೇವಿನ ಮರ, ಆದರೂ ನನ್ನ ಹುಡುಗಿಯರಿಗೂ ಅವರ ಹುಡುಗರಿಗೂ ಮಾತುಕತೆ ಇರಲಿಲ್ಲ. "ನಮ್ಮ ಹುಡುಗ್ರು ಕಿಟಕಿಯಾಗಿಂದ ಗುಳಿಗಿ ಕೊಡಾಕ ಕಲೀತಾರ, ಬ್ಯಾನಿ ಬಿದ್ದವರ ಮಾರಿ ನೋಡೂದಿಲ್ಲ" ಎಂದು ಅವರು ಊಟಕ್ಕೆ ಕುಳಿತಾಗೆಲ್ಲ ಕೊರಗುತ್ತಿದ್ದರು. ಎರಡೂ ಕಡೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಕಲಿಸಬೇಕೆಂಬುದು ಅವರ ಬಹುದಿನದ ಆಸೆ.

ಎರಡು ಸಾವಿರದ ಹತ್ತನೆಯ ಇಸವಿ ದಾಟಿದ ಮೇಲೆ ಅದಕ್ಕೊಂದು ದಾರಿ ಸಿಕ್ಕಿತು. ಡಾಕ್ಟರು, ನರ್ಸು, ಔಷಧಿಯವರು ಕೂಡಿ ಕೆಲಸ ಮಾಡುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಶಿಕ್ಷಕರಾದ ನಮಗೇ ತರಬೇತಿ ಬಂತು. ನಡೆಸಿಕೊಟ್ಟವರು ಧಾರವಾಡ ಕಡೆಯ ಡಾಕ್ಟರ್ ಮೇಡಂ. ಕೊನೆಗೆ ನಾನೂ ನನ್ನ ಗಂಡನೂ ಕೂಡಿ ಒಂದು ತುರ್ತು ಸಂದರ್ಭವನ್ನು ಮಾಡಿ ತೋರಿಸಬೇಕು. ತೋರಿಸಿದರೆ ಆ ಕೂಡುಪಾಠ ನಮ್ಮ ಕೈಗೆ ಬರುತ್ತದೆ.

ಮೇಡಂ ಅವರದು ಒಂದೇ ಕಟ್ಟಪ್ಪಣೆ. ಕೆಲಸ ಹೇಳುವಾಗ ಹೆಸರು ಹಿಡಿದು ಕರೆಯಬೇಕು, ಕರೆಸಿಕೊಂಡವರು ಆ ಮಾತನ್ನೇ ತಿರುಗಿ ಹೇಳಿ ಹೊರಡಬೇಕು. ಸರ್, ಮೇಡಂ, ಸಿಸ್ಟರ್ ಯಾವುದೂ ನಡೆಯದು. ನಾನು ಗೋಣು ಹಾಕಿದೆ. ವಾರ್ಡಿನಲ್ಲಿ ನನ್ನ ದನಿಗೆ ಹೆದರದವರಿಲ್ಲ, ಇದ್ಯಾವ ದೊಡ್ಡ ಮಾತು ಅಂದುಕೊಂಡೆ.

ಮೇಜಿನ ಮೇಲೆ ರಬ್ಬರಿನ ಬಾಣಂತಿಯನ್ನು ಮಲಗಿಸಿದ್ದರು. ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ ಎಂಬುದು ಸಂದರ್ಭ. ಡಾಕ್ಟರ ಪಾತ್ರಕ್ಕೆ ಅಥಣಿಯ ವೈದ್ಯರೊಬ್ಬರು ನಿಂತರು, ಔಷಧಿಗೆ ನನ್ನ ಗಂಡ. ನಾನು ಬಾಣಂತಿಯ ಹೊಟ್ಟೆ ಒತ್ತಿ ಹಿಡಿದು, "ರೀ, ಇಂಜೆಕ್ಷನ್ ತರ್ರಿ" ಎಂದೆ. ವೈದ್ಯರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ವೈದ್ಯರ ಮುಖ ನೋಡಿದರು. "ರೀ, ಲಗೂನ" ಎಂದೆ. ಇಬ್ಬರೂ ಒಟ್ಟಿಗೇ ಒಂದು ಹೆಜ್ಜೆ ಇಟ್ಟು, ಒಬ್ಬರಿಗೊಬ್ಬರು ದಾರಿ ಬಿಟ್ಟು ಮತ್ತೆ ನಿಂತರು.

"ಹೋದಳ್ರಿ ನಿಮ್ಮ ಬಾಣಂತಿ" ಎಂದರು ಮೇಡಂ.

ನಿಜ ಹೇಳುತ್ತೇನೆ, ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಮದುವೆಯ ದಿನ ಹೊಸ್ತಿಲಲ್ಲಿ ಒಡಪು ಎಂಬ ಪ್ರಾಸದ ಪದ ಕಟ್ಟಿ ಅದರೊಳಗೆ ಹೇಳಿದ್ದೇ ಕೊನೆ, ಆಮೇಲೆ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಈಗ ಬರೆಯಲೂ ಕೈ ಏಳುವುದಿಲ್ಲ. ಹಿಂದಿನ ಸಾಲಿನಿಂದ ಯಾರೋ "ಒಡಪರ ಹಾಕ್ರಿ ಅಕ್ಕಾರ" ಎಂದು ಕೀಟಲೆ ಮಾಡಿದರು. "ಒಡಪು ಮುಗಿಯೂತನಾ ಆಕಿ ಜೀವ ಹಿಡ್ಕೊಂಡಿರತಾಳೇನ್ರಿ?" ಎಂದು ಮೇಡಂ ಕೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮೇಡಂ ನಗಲಿಲ್ಲ. ನಾಳೆ ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಪಾಠವನ್ನು ಬೇರೆಯವರಿಗೆ ವಹಿಸಬೇಕಾಗುತ್ತದೆ ಎಂದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವಂಥವರು ಮಕ್ಕಳಿಗೆ ಏನು ಕಲಿಸಿಯಾರು? ಮನೆಗೆ ಬರುವಾಗ ನನ್ನ ಗಂಡ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಬೈದಿದ್ದರೆ ಬೇಕಿತ್ತು, ತಿರುಗಿ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ನಡೆದದ್ದನ್ನು ನಗೆಯಾಡುತ್ತಲೇ ಹೇಳಿದೆ. ಅವರ ಕೈ ನಿಂತಿತು.

"ನಿಮ್ಮ ಮಾವ ಹೋದದ್ದು ಹ್ಯಾಂಗಂತ ಗೊತ್ತೈತೇನ ಬೇ ನಿನಗ?"

ಯಡೂರಿನ ಹೊಲದಲ್ಲಿ ಹಾವು ಮುಟ್ಟಿತ್ತು ಎಂದಷ್ಟೇ ಗೊತ್ತಿತ್ತು.

"ನೀರ ಹಾಯ್ಸಾಕ ಕಬ್ಬಿನ ಒಳಗ ಹೋಗಿದ್ರು. ನರಳಿದ್ದ ಕೇಳಿಸ್ತು. ಆಳೆತ್ತರದ ಕಬ್ಬು, ಎಲ್ಲೆದಾರ ಅನ್ನೂದ ತಿಳೀವಲ್ದು. ಬದುವಿನ ಮ್ಯಾಲ ನಿಂತು ರೀ, ರೀ ಅಂತ ಒದರಿದ್ನಿ. ಆಚಿ ಹೊಲದಾಗ ಮಂದಿ ಇದ್ರು. ಯಾರ್ನೋ ಕರ್ಯಾಕತ್ತಾಳ ಅಂತ ಸುಮ್ಮನಿದ್ರು. ಹೆಸರ ಹಿಡದ ಕೂಗಿದ್ರ ಎಲ್ಲಾರೂ ಓಡಿ ಬರ್ತಿದ್ವಲ್ಲ ಯವ್ವಾ ಅಂತ ಆಮ್ಯಾಲ ಅಂದ್ರು."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತವರು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು.

"ಕರಿ" ಎಂದರು ಅತ್ತೆ. "ನನ್ನ ಮುಂದ ಕರಿ. ನಾನ ಹೇಳಾಕತ್ತೀನಲ್ಲ."

ಕರೆದೆ. ಮೊದಲ ಸಲ ದನಿ ಹೊಸ್ತಿಲೂ ದಾಟಲಿಲ್ಲ. ಎರಡನೆಯ ಸಲ ನನ್ನ ಗಂಡ ಅಂಗಿ ಅರ್ಧ ತೊಟ್ಟವರು ಹೊರಗೆ ಬಂದು ನನ್ನನ್ನೂ ತಾಯಿಯನ್ನೂ ನೋಡಿದರು. ಅವರ ಮುಖ ಕೆಂಪಾಗಿತ್ತು, ನನ್ನದೂ ಆಗಿದ್ದಿರಬೇಕು.

ಮರುದಿನ ಅದೇ ಬಾಣಂತಿ. ಹೆಸರು ಹಿಡಿದು ಕರೆದು ಇಂಜೆಕ್ಷನ್ ಕೇಳಿದೆ. ಅವರು ನನ್ನ ಮಾತನ್ನು ತಿರುಗಿ ಹೇಳಿ, ತಂದು ಕೈಗೆ ಕೊಟ್ಟರು. ಮೇಡಂ ತಲೆಯಾಡಿಸಿದರು. ಮುಂದಿನ ತಿಂಗಳೇ ಎರಡೂ ಕಡೆಯ ಮಕ್ಕಳು ಒಂದು ಕೋಣೆಗೆ ಬಂದರು.

ಮೇಡಂ ಒಪ್ಪಿದ ದಿನ ಸಂಜೆ ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೇ ಕಾಯುತ್ತಿದ್ದರು. ನನ್ನ ಗಂಡ ಕೈಕಾಲು ತೊಳೆಯಲು ಒಳಗೆ ಹೋದರು.

"ಕರದ್ಯಾ?"

"ಕರದ್ನಿರಿ ಅತ್ತಿ."

"ಬಂದ್ನಾ?"

"ಬಂದ್ರು."

ಅವರು ಸೆರಗು ಸರಿಮಾಡಿಕೊಂಡರು. ಪಕ್ಕದ ಕೋಣೆಯಲ್ಲಿ ಇದ್ದವರನ್ನು ಕೂಗುವ ಹಾಗೆ ಮಾವನ ಹೆಸರು ಹಿಡಿದು ಕರೆದರು. ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಇನ್ನೊಮ್ಮೆ ಕರೆದರು. ಒಳಗಿನಿಂದ ನನ್ನ ಗಂಡ ಒದ್ದೆ ಕೈಯಲ್ಲೇ ಓಡಿ ಬಂದು, "ಬಂದ್ನಿ ಯವ್ವಾ" ಎಂದು ತಾಯಿಯ ಪಕ್ಕದಲ್ಲಿ ಕುಳಿತರು.