ಒಣಗಿದ ರಿಬ್ಬನ್ನಿನ ಹಾಳೆಗಳು

ಕಳೆದ ತಿಂಗಳು ಶಿಕಾರಿಪುರದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಫ್ಯಾನಿಗೆ ರೆಗ್ಯುಲೇಟರ್ ಹುಡುಕುತ್ತಿದ್ದಾಗ ದುಂಡಗಿನ ತಗಡಿನ ಡಬ್ಬಿಯೊಂದು ಕೈಗೆ ಬಂತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದೆ. ಒಳಗೆ ಟೈಪ್‌ರೈಟರಿನ ರಿಬ್ಬನ್ ಸುರುಳಿ. ಶಾಯಿ ಮತ್ತು ಸೀಮೆಎಣ್ಣೆ ಬೆರೆತ ವಾಸನೆ ಮೂಗಿಗೆ ಹೊಡೆಯಿತು. ಒಣಗಿದ ರಿಬ್ಬನ್ನಿಗೆ ಒಂದಿಷ್ಟು ಸೀಮೆಎಣ್ಣೆ ಸವರಿ ಮತ್ತೆ ಕೆಲವು ದಿನ ಓಡಿಸುವುದು ಆಗಿನ ಟೈಪಿಂಗ್ ಶಾಲೆಗಳ ರೂಢಿ. ಅಷ್ಟು ಮಾಡಿದ್ದರೂ ಸಾಕಿತ್ತು... ಯಾರೂ ಮಾಡಲಿಲ್ಲ. ಡಬ್ಬಿಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಉಗುಳಿದೆ. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಉಗುಳಬೇಕೆನಿಸಿತ್ತು.

ಅಕ್ಕೋರು ನೆನಪಾಗಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನನಗೇನೂ ಅವರು ಅಕ್ಷರ ಕಲಿಸಿದವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅಕ್ಕೋರು ಸೊರಬದವರು. ಕುಬಟೂರಿನಲ್ಲಿ ಕೆಲಸ ಶುರು ಮಾಡಿ, ಜಡೆ ಎಂಬ ಊರಿನ ಶಾಲೆಯಲ್ಲಿ ನಿವೃತ್ತರಾಗಿ, ಅಂಗಡಿ ಇಟ್ಟುಕೊಂಡಿದ್ದ ತಮ್ಮನ ಮನೆಯಲ್ಲಿ ಇದ್ದರು. ಕಣ್ಣಿನ ಒತ್ತಡದ ಕಾಯಿಲೆ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬಂದು, ನಾನು ಅವರನ್ನು ನೋಡುವ ಹೊತ್ತಿಗೆ ಏನನ್ನೂ ಉಳಿಸಿರಲಿಲ್ಲ. ಆದರೆ ಹರೆಯದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಟೈಪಿಂಗ್ ಪಾಸು ಮಾಡಿದ್ದ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಯಾರೋ ಮಾರಿದ ಹಳೆಯ ಕನ್ನಡ ಟೈಪ್‌ರೈಟರ್ ತರಿಸಿಕೊಂಡು, ಕುಬಟೂರಿನ ತಮ್ಮ ಮೊದಲ ಶಾಲೆಯ ಬಗ್ಗೆ ಬರೆಯುತ್ತಿದ್ದರು.

ಮೊದಲ ಸಲ ಅವರು ಬಂದದ್ದು ಒಂದು ಭಾನುವಾರ, ತಮ್ಮನ ಜೊತೆ. ಬಿಳಿ ನೂಲಿನ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ದಾರ ಕಟ್ಟಿದ ಹಾಳೆಗಳ ಕಟ್ಟು. ಕಂಪ್ಯೂಟರಿನಲ್ಲಿ ಇದನ್ನೆಲ್ಲ ಪುಸ್ತಕದ ಹಾಗೆ ಅಚ್ಚು ಮಾಡಿಸಬಹುದೇ ಎಂದು ಕೇಳಲು ಬಂದಿದ್ದರು.

“ಮೂರ್ನೇ ಹಾಳೇಲಿ ಒಂದು ಮಾತು ಎರಡು ಸಲ ಬಂದದೆ ಅಂತ ಅನುಮಾನ. ಸ್ವಲ್ಪ ಓದಿ ಹೇಳ್ತ್ಯಾ?” ಎಂದರು.

ನಾನು ದಾರ ಬಿಚ್ಚಿದೆ. ಮೊದಲ ಹಾಳೆಯಲ್ಲಿ ಬೂದು ಬಣ್ಣದ ಅಕ್ಷರಗಳಿದ್ದವು. ಎರಡನೆಯದರಲ್ಲಿ ಅರ್ಧಕ್ಕೆ ಮಾಸಿದ್ದವು. ಮೂರನೆಯದು ಬಿಳಿ. ನಾಲ್ಕನೆಯದೂ ಬಿಳಿ. ಇಡೀ ಕಟ್ಟನ್ನು ತಿರುವಿದೆ, ಎಲ್ಲವೂ ಬಿಳಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಅಚ್ಚಿನ ಮೊಳೆಗಳು ಬಡಿದ ಗುಳಿಗಳು ಕಂಡವು. ಆದರೆ ಓದಲು ಬರುತ್ತಿರಲಿಲ್ಲ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು, ಅದರ ಮೇಲೆ ಮತ್ತೊಂದು. ಒಂದೇ ಹಾಳೆಗೆ ಎರಡು ಮೂರು ಸಲ ಬಡಿದಿತ್ತು.

ನಾನು ತಲೆಯೆತ್ತಿ ತಮ್ಮನನ್ನು ನೋಡಿದೆ. ಆತ ತುಟಿಗೆ ಬೆರಳಿಟ್ಟು, ನಕ್ಕು, ಬೇಡವೆಂದು ತಲೆಯಾಡಿಸಿದ. ಆ ನಗೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಕೆಟ್ಟ ಮನುಷ್ಯನ ನಗೆಯಾಗಿರಲಿಲ್ಲ ಅದು. ಮಗುವಿನ ಮುಷ್ಟಿಯಲ್ಲಿ ಖಾಲಿ ಚಾಕೊಲೇಟ್ ಕಾಗದವಿಟ್ಟು ದೊಡ್ಡವರ ಕಡೆ ತಿರುಗಿ ನಗುತ್ತಾರಲ್ಲ, ಅಂಥದ್ದು.

“ಯಾಕೆ ಸುಮ್ನಾದೆ?” ಎಂದರು ಅಕ್ಕೋರು.

“ಇದ್ರಲ್ಲಿ ಶಾಯಿ ಬಿದ್ದಿಲ್ಲ ಅಕ್ಕೋರೆ,” ಎಂದೆ.

ಅವರು ಕೈ ಚಾಚಿ ಹಾಳೆಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. “ಈಗಿನ ಹಾಳೆ ಯಾಕೋ ತರಿತರಿ ಅಂತ ನಾನೇ ಬೈತಿದ್ದೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ತಮ್ಮನೇ ಬಾಯಿಬಿಟ್ಟ. “ರಿಬ್ಬನ್ ಒಣಗಿತ್ತು ಮೇಡಂ. ಅಕ್ಕಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ಹೊತ್ತು ಹೋಗ್ತದಲ್ಲ ಪಾಪ, ಬಡೀಲಿ ಅಂತ. ಹಾಳೆ ಖಾಲಿನೇ ಇರ್ತಿತ್ತು, ಅದ್ನೇ ತಿರುಗಿ ಕೊಡ್ತಿದ್ವಿ. ಸುಮ್ನೆ ಯಾಕೆ ದಂಡ?”

ಮಿತವ್ಯಯ. ವ್ಯಾಪಾರಸ್ಥರ ಮನೆಯ ಒಳ್ಳೆಯ ಗುಣ. ಅಕ್ಕ ದಿನವಿಡೀ ಬರೆದದ್ದನ್ನು ಸಂಜೆ ಎತ್ತಿಟ್ಟು, ಬೆಳಿಗ್ಗೆ ಹೊಸ ಹಾಳೆಯೆಂದು ಅವಳ ಕೈಗೇ ಕೊಡುವುದು. ಮನೆಯವರೆಲ್ಲರಿಗೂ ಇದು ಗೊತ್ತಿತ್ತು. ಊಟಕ್ಕೆ ಕೂತಾಗ “ಎಷ್ಟಾಯ್ತು ಅಕ್ಕ ಇವತ್ತು?” ಎಂದು ಕೇಳುತ್ತಿದ್ದರಂತೆ. ಇದನ್ನು ಅಕ್ಕೋರೇ ಆಮೇಲೆ ನನಗೆ ಹೇಳಿದರು. ಅಳಲಿಲ್ಲ. ಅಸಹ್ಯವಾದದ್ದನ್ನು ತುಳಿದವರು ಕಾಲು ಒರೆಸಿಕೊಳ್ಳುವಾಗ ಇರುವ ಮುಖ ಅವರಿಗಿತ್ತು.

“ನಾ ಬರೆದಿದ್ದು ನಂಗೇ ವಾಪಸ್ ಹೇಳೋ ಮಷಿನ್ ಅದ್ಯಾ? ನಡುವೆ ಇನ್ನೊಬ್ರ ಬಾಯಿ ಬೇಡ,” ಎಂದು ಕೇಳಿದರು.

ಅಷ್ಟೇ ಅವರಿಗೆ ಬೇಕಾದದ್ದು. ಅಷ್ಟು ಸಿಕ್ಕಿದರೆ ಕುಬಟೂರನ್ನು ಮೊದಲಿನಿಂದ ಬರೆಯುತ್ತೇನೆ, ಸಿಗದಿದ್ದರೆ ಇನ್ನು ಕೀಲಿ ಮುಟ್ಟುವುದಿಲ್ಲ ಎಂದರು.

ಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದ ಸಿ.ಡಿ.ಯಿಂದ ಕೇಂದ್ರದ ಒಂದು ಹಳೆಯ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ನಾನು ಹಾಕಿದ್ದೆ. ಅದರ ಮೇಲೆ ಓಡುವ, ಬರೆದದ್ದನ್ನು ಮಾತಾಗಿಸುವ ಇನ್ನೊಂದು ತಂತ್ರಾಂಶ ಇದೆಯೆಂದು ಓದಿದ್ದೆ. ಅದನ್ನು ಶಿವಮೊಗ್ಗದ ಪರಿಚಿತರೊಬ್ಬರಿಂದ ತರಿಸಿದೆ. ಆದರೆ ಸದ್ದೇ ಹೊರಡಲಿಲ್ಲ. ಸೌಂಡ್ ಕಾರ್ಡನ್ನು ಲಿನಕ್ಸ್ ತಾನಾಗಿ ಗುರುತಿಸುತ್ತಿರಲಿಲ್ಲ. ಅದರ ವಿವರಗಳನ್ನು ಒಂದು ಕಡತದಲ್ಲಿ ಕೈಯಾರೆ ಬರೆದುಕೊಡಬೇಕಿತ್ತು. ಬರೆದುಕೊಟ್ಟರೆ ಪ್ರಿಂಟರ್ ನಿಂತುಹೋಗುತ್ತಿತ್ತು. ಎರಡಕ್ಕೂ ಕಂಪ್ಯೂಟರಿನೊಳಗೆ ಒಂದೇ ನಂಬರು ಬಿದ್ದು, ಒಂದೇ ಸೀಟಿಗೆ ಜಗಳವಾಡುವ ಇಬ್ಬರು ಪ್ರಯಾಣಿಕರಂತೆ ಎರಡೂ ನಿಲ್ಲುತ್ತಿದ್ದವು. ನಂಬರು ಬದಲಿಸುವುದು, ಮತ್ತೆ ಚಾಲೂ ಮಾಡುವುದು, ಅಷ್ಟರಲ್ಲಿ ಕರೆಂಟ್ ಹೋಗುವುದು... ಅಕ್ಕೋರು ಭಾನುವಾರಗಳಂದು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಒಬ್ಬರೇ ಬರತೊಡಗಿದ್ದರು. ಕಂಡಕ್ಟರ್ ಕೈಹಿಡಿದು ಇಳಿಸುತ್ತಿದ್ದ. ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಬೈಗುಳಗಳನ್ನು ಕೇಳುತ್ತ ಕಡಲೆ ಬಿಡಿಸುತ್ತಿದ್ದರು.

ಕೊನೆಗೆ ಒಂದು ಮಧ್ಯಾಹ್ನ ಸ್ಪೀಕರಿನಿಂದ ಗಂಡು ದನಿಯೊಂದು ಹೊರಟಿತು. ಇಂಗ್ಲಿಷಿನವನ ದನಿ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿ ಕೊಟ್ಟರೆ ಅದನ್ನು ಅಗಿದು ಉಗುಳುತ್ತಿದ್ದ. ತಂತ್ರಾಂಶದ ಜೊತೆ ಸ್ಪೇನ್ ದೇಶದ ಭಾಷೆಗೆಂದು ಮಾಡಿದ ದನಿಯೂ ಇತ್ತು. ಅದನ್ನು ಹಾಕಿ ನೋಡಿದೆವು. ಹಕಾರ ನುಂಗಿದರೂ ಅದು ಸ್ವರಗಳನ್ನು ಬಿಡಿಬಿಡಿಯಾಗಿ, ನಮ್ಮವರ ಹಾಗೆಯೇ ನುಡಿಯಿತು. ಅಕ್ಕೋರು ಕಡಲೆ ಬಿಟ್ಟು ಕೀಲಿಮಣೆಗೆ ಕೈ ಹಾಕಿದರು. ಒಂದು ವಾಕ್ಯ ಟೈಪ್ ಮಾಡಿ, ಕೊನೆಯ ಕೀಲಿ ಒತ್ತಿದರು.

“ಕುಬಟೂರಿನ ನಮ್ಮ ಶಾಲೆಗೆ ಬಾಗಿಲಿರಲಿಲ್ಲ,” ಎಂದಿತು ಯಂತ್ರ.

ಅವರು ಮತ್ತೆ ಒತ್ತಿದರು. ಯಂತ್ರ ಮತ್ತೆ ಹೇಳಿತು. ಬೇಕೆಂದೇ ಒಂದಕ್ಷರ ತಪ್ಪು ಮಾಡಿದರು. ಅದು ತಪ್ಪನ್ನೂ ಹಾಗೆಯೇ ಹೇಳಿತು.

“ನೆಗಡಿ ಬಂದ ಕಂಡಕ್ಟರ್ ಸ್ಟಾಪ್ ಕೂಗಿದಂಗದೆ ಮಾರಾಯ್ತಿ,” ಎಂದು ನಕ್ಕರು. “ಇರ್ಲಿ. ಸುಳ್ಳು ಹೇಳಲ್ಲ ಇದು.”

ಆ ಕೋಣೆಯಲ್ಲಿ ಇದಿಷ್ಟು ಮಾತ್ರ ನಡೆದು ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು... ಆದರೆ ಮುಂದಿನ ಭಾನುವಾರ ಕೇಂದ್ರದ ಮಾಲೀಕರು ಒಳಗೆ ಬಂದರು. ಕುರುಡು ಹೆಂಗಸು, ಮಾತಾಡುವ ಕಂಪ್ಯೂಟರ್, ಎರಡನ್ನೂ ಒಟ್ಟಿಗೆ ನೋಡಿದರು. ಸೊರಬದಲ್ಲಿ ಶಾಖೆ ತೆರೆಯುವ ಏರ್ಪಾಡಿನಲ್ಲಿದ್ದರು ಅವರು. ಉದ್ಘಾಟನೆಯ ದಿನ ಅಕ್ಕೋರು ವೇದಿಕೆಯ ಮೇಲೆ ಈ ಯಂತ್ರ ನಡೆಸಿ ತೋರಿಸಬೇಕು ಎಂದರು. ಆಮೇಲೆ ಯಂತ್ರ ಸೊರಬದಲ್ಲೇ ಉಳಿಯುತ್ತದೆ. ಅಕ್ಕೋರು ದಿನಾ ಬೆಳಿಗ್ಗೆ ಬಂದು ಬರೆದುಕೊಳ್ಳಬಹುದು. ಶಾಖೆಯ ಜಾಗ ತಮ್ಮನ ಅಂಗಡಿಯಿಂದ ಕೂಗಳತೆಯಲ್ಲಿತ್ತು. ಅಕ್ಕೋರು ಒಪ್ಪಿದರು. ಒಂದೇ ಷರತ್ತು: ಯಂತ್ರ ಹೇಳುವುದು ತಮ್ಮ ವಾಕ್ಯವನ್ನು. ಮಾಲೀಕರು ಆಗಲೆಂದರು.

ಆದರೆ ಹೊರಗೆ ಬಂದು ನನಗೆ, “ಏನ್ರೀ ಅದು, ಬಾವಿಯೊಳಗ ಬಿದ್ದೋನು ಕೂಗಿದಂಗೈತಿ. ದೊಡ್ಡ ಮಂದಿ ಬರ್ತಾರ. ದನಿ ಒಂಚೂರು ಹಸನ ಮಾಡ್ರಿ,” ಎಂದರು. ಆಗುವುದಿಲ್ಲವೆಂದೆ.

ಸಮಾರಂಭಕ್ಕೆ ಶಾಮಿಯಾನ ಹಾಕಿತ್ತು. ಮುಖ್ಯ ಅತಿಥಿಯಾಗಿದ್ದ ರಾಜಕೀಯ ನಾಯಕರು ಬಹಳ ತಡವಾಗಿ ಬಂದರು. ಕಂಪ್ಯೂಟರಿಟ್ಟ ಮೇಜಿಗೆ ಜರಿಯಂಚಿನ ಬಟ್ಟೆ ನೆಲದವರೆಗೆ ಇಳಿಬಿಟ್ಟಿತ್ತು. ಬೆಳಿಗ್ಗೆ ನಾನೇ ಸ್ಪೀಕರಿನ ತಂತಿ ಜೋಡಿಸಿ, ಅಕ್ಕೋರ ವಾಕ್ಯ ನುಡಿಸಿ ನೋಡಿ, ಮುಂದಿನ ಸಾಲಿನಲ್ಲಿ ಕೂತಿದ್ದೆ. ನಿರೂಪಕ “ಇದೀಗ ನಮ್ಮ ಅಕ್ಕೋರು” ಎಂದ. ಅಕ್ಕೋರು ಕೀಲಿಗಳ ಮೇಲೆ ಬೆರಳಿಟ್ಟು, ನಿಧಾನವಾಗಿ ಬರೆದರು. ಪರದೆಯ ಮೇಲೆ ಕುಬಟೂರು, ಶಾಲೆ, ಬಾಗಿಲು ಒಂದೊಂದಾಗಿ ಮೂಡಿದವು. ಕೊನೆಯ ಕೀಲಿ ಒತ್ತಿದರು.

ಸ್ಪೀಕರಿನಲ್ಲಿ ಮೊದಲು ಸರಸರ ಸದ್ದು, ಆಮೇಲೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ನಂತರ ಎಳೆಯ ಹೆಣ್ಣುದನಿ, ಸಕ್ಕರೆಯಂಥದ್ದು: “ಸೊರಬದ ಸಮಸ್ತ ಜನತೆಯ ಪರವಾಗಿ, ಜ್ಞಾನದ ಬೆಳಕನ್ನು ಹಳ್ಳಿಹಳ್ಳಿಗೆ ಹರಿಸುತ್ತಿರುವ ನಮ್ಮ ನೆಚ್ಚಿನ ನಾಯಕರಿಗೆ...”

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಮೇಜಿನ ಪಕ್ಕಕ್ಕೆ ಹೋಗಿ ಬಟ್ಟೆ ಎತ್ತಿದೆ. ಕಂಪ್ಯೂಟರಿನ ತಂತಿಯನ್ನು ಕಿತ್ತು ಒಂದು ಟೇಪ್‌ರೆಕಾರ್ಡರಿಗೆ ಚುಚ್ಚಿತ್ತು. ಅದರ ಮುಂದೆ ಮಾಲೀಕರ ಭಾಮೈದ ಕುಕ್ಕರುಗಾಲಿನಲ್ಲಿ ಕೂತಿದ್ದ. ನಾನು ತಂತಿಗೆ ಕೈ ಹಾಕಿದಾಗ ಮಣಿಕಟ್ಟು ಹಿಡಿದ. “ಸುಮ್ಕಿರ್ರಿ. ನಾಕ್ ಮಂದಿ ಮುಂದ ಮರ್ಯಾದಿ ಕಳೀಬ್ಯಾಡ್ರಿ,” ಎಂದ. ಅವನ ಅಂಗೈ ಬೆವರಿ ಜಿಗುಟಾಗಿತ್ತು. ಆ ಜಿಗುಟು ನೆನಪಾದರೆ ಈಗಲೂ ಕೈ ಒರೆಸಿಕೊಳ್ಳುತ್ತೇನೆ.

ಅಲ್ಲಿಂದಲೇ ಅಕ್ಕೋರನ್ನು ನೋಡಿದೆ. ಅವರು ಕೀಲಿಮಣೆಯಿಂದ ಕೈ ತೆಗೆದರು. ಎರಡೂ ಕೈಗಳನ್ನು ಕಿವಿಯ ಮೇಲಕ್ಕೆ, ಅಂಗೈ ಜನರಿಗೆ ಕಾಣುವಂತೆ ಎತ್ತಿ ಹಿಡಿದರು. ತರಗತಿಯಲ್ಲಿ ಮಕ್ಕಳಿಗೆ ಕೈ ಎತ್ತಿಸುತ್ತಾರಲ್ಲ, ಹಾಗೆ. ನೋಡಿ, ನನ್ನ ಬೆರಳು ಇಲ್ಲಿವೆ, ಮಾತಾಡುತ್ತಿರುವುದು ನಾನಲ್ಲ. ಇಷ್ಟು ಸ್ಪಷ್ಟವಾಗಿ ಯಾರೂ ಏನನ್ನೂ ಹೇಳಿದ್ದನ್ನು ನಾನು ಕಂಡಿಲ್ಲ. ಟೇಪು ನಾಯಕರ ಗುಣಗಾನ ಮಾಡುತ್ತಲೇ ಇತ್ತು. ಕೀಲಿಮಣೆಯ ಮೇಲೆ ಕೈಯಿಲ್ಲದಿದ್ದದ್ದು ಇಡೀ ಶಾಮಿಯಾನಕ್ಕೆ ಕಾಣುತ್ತಿತ್ತು.

ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ, “ಟೇಪು ಅಲ್ವನೋ?” ಎಂದರು.

“ಹೌದಪ್ಪ, ಯಾರಿಗ್ ಗೊತ್ತಿಲ್ಲ? ಊಟ ಎಲ್ಲಿಟ್ಟಾರೆ ನೋಡು,” ಎಂದರು ಅವರು.

ಅತಿಥಿಗಳು ಎದ್ದರು. ಎತ್ತಿದ ಕೈಗಳನ್ನು ಅವರು ನಮಸ್ಕಾರವೆಂದು ತಿಳಿದರೋ, ತಿಳಿದವರಂತೆ ನಟಿಸಿದರೋ... ಆ ಕೈಗಳ ಮೇಲೆಯೇ ಶಾಲು ಹೊದಿಸಿದರು. ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೊಡಲು ಕೈ ಬೇಕಾಯಿತು. ಮಾಲೀಕರು ಅಕ್ಕೋರ ಒಂದೊಂದೇ ಕೈಯನ್ನು ಹಿಡಿದು ಕೆಳಗಿಳಿಸಿ, ಬುಟ್ಟಿಯ ಮೇಲಿಟ್ಟು, ಫೋಟೋದವನ ಕಡೆ ತಿರುಗಿಸಿದರು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತಮ್ಮನೂ ತಟ್ಟುತ್ತಿದ್ದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಮೆಟ್ಟಿಲಿಳಿಸುವಾಗ ಅಕ್ಕೋರ ತೋಳು ಹಿಡಿದೆ. ಶಾಲನ್ನು ಅವರು ಆಗಲೇ ತೆಗೆದು ಬುಟ್ಟಿಯ ಮೇಲೆ ಹಾಕಿದ್ದರು.

“ತಮ್ಮನ ಮನೇಲಿ ನಾ ಬರೆದಿದ್ದು ಕಾಣ್ತಿರ್ಲಿಲ್ಲ, ಅಷ್ಟೆ,” ಎಂದರು, ದನಿ ಏರಿಸದೆ. “ಇಲ್ಲಿ ನಾ ಬರೀದೆ ಇದ್ದಿದ್ದನ್ನ ನಂದು ಅಂದ್ರು.”

ನಂತರ ಅವರು ಬರಲಿಲ್ಲ. ಒಂದು ವಾರದೊಳಗೆ ಸೊರಬದ ಆ ಯಂತ್ರದಿಂದ ಲಿನಕ್ಸನ್ನೂ ಮಾತಾಡುವ ದನಿಯನ್ನೂ ಅಳಿಸಿದ್ದರು. ಅದರ ಸ್ಪೀಕರಿನಲ್ಲಿ ಸಿನಿಮಾ ಹಾಡು ಬರುತ್ತಿತ್ತು. ನಾನು ಕೇಳಿದ್ದಕ್ಕೆ ಮಾಲೀಕರು, “ಆ ಕ್ಯಾಸೆಟ್ಟಿಂದು ಒಂದು ಕಾಪಿ ಅಕ್ಕೋರಿಗೆ ಕೊಟ್ಟುಬಿಡ್ರಿ, ನೆನಪಿಗೆ ಇಟ್ಕಳ್ಳಲಿ,” ಎಂದರು. ತಮಾಷೆಗಲ್ಲ, ಉದಾರವಾಗಿಯೇ ಹೇಳಿದರು. ಆ ತಿಂಗಳ ಕೊನೆಗೆ ನಾನು ಕೇಂದ್ರ ಬಿಟ್ಟೆ. ಸೊರಬದ ಮನೆಗೆ ಹೋದಾಗ ಅಕ್ಕೋರು ಕಾಫಿ ಕೊಡಿಸಿದರು, ಕಡಲೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿದರು. ಇನ್ನೊಂದು ಯಂತ್ರ ಸಿದ್ಧಮಾಡುತ್ತೇನೆ ಎಂದೆ. “ಬೇಡ ಕಣೇ. ನಂಬಿದ್ದು ಸಾಕು,” ಎಂದರು. ಟೈಪ್‌ರೈಟರಿಗೆ ಹೊದಿಕೆ ಹಾಕಿ ಮೇಲೆ ದಿಂಬುಗಳನ್ನು ಪೇರಿಸಿತ್ತು.

ಕೆಲವು ವರ್ಷಗಳ ಮೇಲೆ ತಾಳಗುಂದದ ಒಂದು ಮದುವೆಯಲ್ಲಿ ತಮ್ಮ ಸಿಕ್ಕಿದ. ಅಕ್ಕ ತೀರಿಕೊಂಡಳೆಂದ. “ಹೊಸ ರಿಬ್ಬನ್ ತಂದಿಟ್ಟಿದ್ದೆ ಮೇಡಂ. ಡಬ್ಬೀನೇ ತೆಗೀಲಿಲ್ಲ ಅವ್ಳು,” ಎಂದು ನನ್ನ ಮುಖ ನೋಡಿದ. ನಾನು ಏನು ಹೇಳಬೇಕೆಂದು ಅವನು ಕಾಯುತ್ತಿದ್ದನೋ... ನಾನು ಚಪ್ಪಲಿ ಹುಡುಕಿಕೊಂಡು ಹೊರಟೆ.

ಅವತ್ತು ಗುಜರಿ ಅಂಗಡಿಯಿಂದ ಮನೆಗೆ ಬಂದು ಕೈ ತೊಳೆದೆ. ವಾಸನೆ ಹೋಗಲಿಲ್ಲ. ಫೋನ್ ತೆಗೆದು ಆ ವಾಕ್ಯವನ್ನು ಬರೆದೆ. ಈಗ ಇದಕ್ಕೆ ನಂಬರು ಬದಲಿಸಬೇಕಿಲ್ಲ, ಸ್ಪೇನಿನವನ ದನಿ ಬೇಕಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದೆ. ಎಳೆಯ ಹೆಣ್ಣುದನಿ, ಸಕ್ಕರೆಯಂಥದ್ದು, “ಕುಬಟೂರಿನ ನಮ್ಮ ಶಾಲೆಗೆ ಬಾಗಿಲಿರಲಿಲ್ಲ” ಎಂದಿತು. ಮೇಜಿನ ಕೆಳಗೆ ಯಾರೋ ಕೂತಿದ್ದಾರೆಂಬಂತೆ ನಾನು ಬಗ್ಗಿ ನೋಡಿದೆ.

ಅದು ಒಂದಕ್ಷರವನ್ನೂ ತಪ್ಪಿರಲಿಲ್ಲ. ಅಕ್ಕೋರ ಆ ಒಂದು ವಾಕ್ಯದ ಮುಂದೆ ಓದಿಸಲು ನನ್ನ ಬಳಿ ಏನೂ ಇರಲಿಲ್ಲ.