ಮುಕಾದಮನ ಮನೆಗೆ ನಾನು ಬರೆದ ಮಾನಪತ್ರ

ಗದಗ ಹೊಸ ಜಿಲ್ಲೆಯಾಗಿ ಎರಡು ಮೂರು ವರ್ಷವಾಗಿತ್ತು. ಆ ಹುರುಪಿನಲ್ಲಿ ವಾರಕ್ಕೊಂದು ಸತ್ಕಾರ ಸಮಾರಂಭ ನಡೆಯುತ್ತಿತ್ತು. ಬೆಟಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ಅಕ್ಷರ ದುಂಡಗಿದ್ದುದರಿಂದ ಮಾನಪತ್ರ ಬರೆಯುವ ಕೆಲಸ ನನಗೇ ಗಂಟುಬಿದ್ದಿತ್ತು.

ಒಂದು ಮಧ್ಯಾಹ್ನ ಒಂದು ಸಂಘದ ಕಾರ್ಯದರ್ಶಿ ಶಾಲೆಗೆ ಬಂದ.

“ಅಕ್ಕೋರ, ನಮ್ಮ ಕಡೆ ಮೊದಲ ರೈಲು ಹಳಿ ಹಾಕಿಸಿದ ಮನಿತನಕ್ಕ ಸತ್ಕಾರ ಇಟ್ಟೀವ್ರಿ. ಆಗಿನ ಮುಕಾದಮರ ಮೊಮ್ಮಗ ಲಕ್ಷ್ಮೇಶ್ವರದಾಗ ಇನ್ನೂ ಗಟ್ಟಿ ಅದಾರ. ನೀವ ಬರೀರಿ, ನೀವ ಓದ್ರಿ.”

ಮನೆತನದ ಹೆಸರು ಹೇಳಿದ. ನಾನು ಆಗಲೆಂದೆ. ಯಾವಾಗಲೂ ಒಲ್ಲೆನೆಂದು ನಾಲ್ಕು ಸಲ ಹೇಳುವವಳು ಇಷ್ಟು ಬೇಗ ಒಪ್ಪಿದ್ದು ಅವನಿಗೂ ಸೋಜಿಗ.

ಆ ಹೆಸರನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಹಿರೇವಡ್ಡಟ್ಟಿಯಲ್ಲಿ ನನ್ನ ತಾಯಿಯ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ರೊಟ್ಟಿ ಬಡಿಯುತ್ತ ಅದನ್ನು ಹೇಳಿಕೊಟ್ಟಿದ್ದಳು. ಆಯಿಯ ಅಜ್ಜಿ ರೈಲು ಹಳಿಗೆ ಏರಿ ಕಟ್ಟುವಾಗ ಮಣ್ಣು ಹೊತ್ತವಳು. ಗಂಡ ಅಗೆಯುವುದು, ಇವಳು ಬುಟ್ಟಿ ಹೊತ್ತು ಏರಿಯ ಮೇಲೆ ಸುರಿಯುವುದು. ಮೂರು ತಿಂಗಳ ಹೆಣ್ಣು ಕೂಸು ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿರುತ್ತಿತ್ತು. ಒಂದು ದಿನ ಕೂಸಿಗೆ ವಾಂತಿಭೇದಿ ಹತ್ತಿತು. ಗದಗಿಗೆ ವೈದ್ಯರ ಬಳಿ ಒಯ್ಯುತ್ತೇನೆಂದು, ಕೂಲಿಗಳ ಮೇಸ್ತ್ರಿಯಾಗಿದ್ದ ಆ ಮುಕಾದಮನ ಕಾಲು ಹಿಡಿದಳು. “ಹೋಗು. ಗಂಡನ್ನೂ ಕರಕೊಂಡು ಹೋಗು. ಹೊಳ್ಳಿ ಬರಬ್ಯಾಡ್ರಿ” ಎಂದನಂತೆ. ಬರಗಾಲದಲ್ಲಿ ಊರು ಬಿಟ್ಟು ಬಂದವರು. ಆ ಕೆಲಸ ಬಿಟ್ಟರೆ ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ. ಅವಳು ಮತ್ತೆ ಬುಟ್ಟಿ ಎತ್ತಿದಳು. ಮಧ್ಯಾಹ್ನ ಜೋಲಿಯ ಹತ್ತಿರ ಹೋದಾಗ ಕೂಸು ತಣ್ಣಗಾಗಿತ್ತು. ಊರ ಕಡೆ ಒಯ್ದು ಮಣ್ಣು ಮಾಡಲಿಕ್ಕೂ ಅವನು ಬಿಡಲಿಲ್ಲ. ಅರ್ಧ ಕಟ್ಟಿದ ಏರಿಯಲ್ಲೇ ಕೂಸನ್ನು ಮಲಗಿಸಿ, ತನ್ನ ಬುಟ್ಟಿಯ ಮಣ್ಣನ್ನು ತಾನೇ ಸುರಿದಳು.

“ಅಂವನ ಹೆಸರು ಮರೀಬ್ಯಾಡ” ಎಂದು ಅವಳು ಮೊಮ್ಮಗಳಿಗೆ ಹೇಳಿದಳು. ಆಯಿ ನನ್ನ ತಾಯಿಗೆ, ಆಮೇಲೆ ನನಗೆ.

ಮಾಹಿತಿ ಬೇಕಲ್ಲ, ಒಂದು ಭಾನುವಾರ ಲಕ್ಷ್ಮೇಶ್ವರಕ್ಕೆ ಹೋದೆ. ಮುಕಾದಮನ ಮೊಮ್ಮಗ ಎಂಬತ್ತರ ಹತ್ತಿರದವರು, ಬೆಳ್ಳಗೆ ಒಗೆದ ಧೋತರ. ಚಹಾ ಕೊಡಿಸಿದರು, ಅವಲಕ್ಕಿ ಕೊಡಿಸಿದರು. ಒಳಗಿಂದ ಒಂದು ಬೆತ್ತ ತಂದರು. ತುದಿಗೆ ಹಿತ್ತಾಳೆಯ ಕಟ್ಟು.

“ನಮ್ಮ ಮುತ್ಯಾಂದು. ವರ್ಷಾ ಎಣ್ಣಿ ಹಚ್ಚಿ ಇಡ್ತೀವ್ರಿ. ಶಿರಹಟ್ಟಿ, ಬೆಳ್ಳಟ್ಟಿ ಕಡಿಂದ ಬಂದ ಮಂದಿ, ಇದು ಇಲ್ಲದ ಮೈ ಬಗ್ಗಿಸ್ತಿದ್ದಿಲ್ಲ. ಹಿಡೀರಿ, ನೋಡ್ರಿ.”

ಹಿಡಿದು ನೋಡಿದೆ. ಹಗುರವಾಗಿತ್ತು. ಆ ಕ್ಷಣದವರೆಗೆ ನನಗೆ ಸ್ವಲ್ಪ ಅಳುಕಿತ್ತು. ತಾತ ಮಾಡಿದ್ದಕ್ಕೆ ಈ ಮುದುಕರೇನು ಮಾಡಿಯಾರು ಎಂದು. ಬೆತ್ತ ಅವರ ಕೈಗೆ ತಿರುಗಿ ಕೊಡುವಾಗ ಆ ಅಳುಕು ಹೋಗಿತ್ತು.

ಅಲ್ಲಿಂದ ನೆಟ್ಟಗೆ ಆಯಿಯ ಬಳಿ ಹೋಗಿ ಎಲ್ಲ ಹೇಳಿದೆ. ಕಣ್ಣು ಮಂಜಾದರೂ ಅವಳ ಕಿವಿ ಚುರುಕಾಗಿಯೇ ಇತ್ತು.

“ಬೈದು ಬರೀಲೇನು?” ಎಂದೆ.

“ಬೈಬ್ಯಾಡ. ಸುಳ್ಳ ಒಂದಕ್ಷರ ಹಾಕಬ್ಯಾಡ. ಖರೆ ಅಷ್ಟ ಓದು. ಎಲ್ಲಾರೂ ಕೇಳೂವಂಗ ಓದು.”

ಸಮಾರಂಭದ ದಿನ ಸಭಾಭವನ ತುಂಬಿತ್ತು. ಮುದುಕರಿಗೆ ರುಮಾಲು ಸುತ್ತಿ, ಶಾಲು ಹೊದಿಸಿ, ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಮೈಕಿನ ಮುಂದೆ ನಿಂತು, “ಮಾನ್ಯರೇ, ತಮ್ಮ ತಾತನವರು ಏರಿ ಕಟ್ಟಿಸಿದರು” ಎಂದು ಆರಂಭಿಸಿದೆ. ಚಪ್ಪಾಳೆ ಬಿತ್ತು. “ಆ ಏರಿಯಲ್ಲಿ ಮೂರು ತಿಂಗಳ ಒಂದು ಕೂಸಿದೆ” ಎಂದೆ. ಚಪ್ಪಾಳೆ ನಿಂತಿತು. ವಾಂತಿಭೇದಿ, ಕಾಲು ಹಿಡಿದದ್ದು, ಮಣ್ಣು ಸುರಿದದ್ದು, ಎಣ್ಣೆ ಹಚ್ಚಿದ ಬೆತ್ತ ಎಲ್ಲವನ್ನೂ ಮುಕಾದಮನ ಹೆಸರು ಹಿಡಿದೇ ಅವಸರವಿಲ್ಲದೆ ಓದಿದೆ.

ಮೈಕ್ ಬಂದ್ ಮಾಡುವಂತೆ ಕಾರ್ಯದರ್ಶಿ ಕೈಸನ್ನೆ ಮಾಡಿದ. ಮೈಕಿನವರು ಬೆಟಗೇರಿಯ ಒಬ್ಬ ವಯಸ್ಸಾದ ಸಾಬರು. ಕೂತಲ್ಲಿಂದ ಏಳಲೇ ಇಲ್ಲ.

“ನಮ್ಮ ಮುತ್ಯಾನೂ ಅಲ್ಲೇ ಕಲ್ಲ ಒಡದಾನ್ರಿ. ಅಕ್ಕೋರು ಓದ್ಲಿ” ಎಂದರು.

ಓದಿ ಮುಗಿಸಿ, ಕಟ್ಟು ಹಾಕಿದ ಮಾನಪತ್ರವನ್ನು ಎರಡೂ ಕೈಯಿಂದ ಮುದುಕರಿಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ಯಾರವ್ವಾ ನೀ?”

“ಆ ಕೂಸಿನ ತಾಯಿ ಮೊಮ್ಮಗಳ ಮೊಮ್ಮಗಳ್ರಿ.”

ಅವರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಅವರ ಮಗ ಬಂದು ತೋಳು ಹಿಡಿದು ಕೆಳಗಿಳಿಸಿಕೊಂಡು ಹೋದ. ಶಾಲು ಕುರ್ಚಿಯ ಮೇಲೇ ಉಳಿಯಿತು.

ಇಲಾಖೆಯ ಮೇಲಿನವರು ತಪ್ಪೊಪ್ಪಿಗೆ ಬರೆದುಕೊಡಲು ಹೇಳಿದರು. “ಯಾವ ಸಾಲು ಸುಳ್ಳು, ತೋರಿಸ್ರಿ” ಎಂದೆ. ತೋರಿಸಲಿಲ್ಲ, ಮುಂದಿನ ವರ್ಷ ಮುಂಡರಗಿ ತಾಲೂಕಿನ ಮೂಲೆಯ ಶಾಲೆಗೆ ಹಾಕಿದರು. ಮಾನಪತ್ರ ಬರೆಯಲು ಮತ್ತೆ ಯಾರೂ ಕರೆಯಲಿಲ್ಲ. ಆ ಮುದುಕರು ಅಂದಿನಿಂದ ಸಭೆಗಳಿಗೆ ಹೋಗುವುದನ್ನು ಬಿಟ್ಟರೆಂದು ಕೇಳಿದೆ. ಮರುಕವಾಯಿತೇ ಎಂದು ಆಗಾಗ ನನ್ನನ್ನೇ ಕೇಳಿಕೊಂಡಿದ್ದೇನೆ. ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಸಮಾರಂಭದ ಮರುದಿನವೇ ಮಾನಪತ್ರದ ಕರಡು ಹಿಡಿದುಕೊಂಡು ಹಿರೇವಡ್ಡಟ್ಟಿಗೆ ಹೋಗಿದ್ದೆ.

“ಅತ್ತನೇನು?” ಎಂದಳು ಆಯಿ.

“ಇಲ್ಲ. ಶಾಲು ಅಲ್ಲೇ ಬಿಟ್ಟು ಹೋದ್ರು.”

“ಅಷ್ಟನ?” ಎಂದಳು. ಆಮೇಲೆ ಗೋಡೆ ಹಿಡಿದು ಎದ್ದು ಬಾಗಿಲಿಗೆ ಹೋಗಿ, ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದಳು. ಚಾಪೆ ಹಾಸಿ ಕುಂಡ್ರಿಸಿ, ನನ್ನ ಕಡೆ ತಿರುಗಿದಳು.

“ಇವರ ಮುಂದೂ ಓದು. ಅಂವನ ಹೆಸರು ಬಂದಲ್ಲೆ ಜೋರಾಗಿ ಓದು.”